ಮನೆಯ ಲೆಕ್ಕಕ್ಕೆ ಎರಡನೆಯ ಕಂಪ್ಯೂಟರ್

ಮನೆಯ ಜಮಾಖರ್ಚು ಬರೆದಿಡುವ ತಂತ್ರಾಂಶಗಳಲ್ಲಿ ಹೆಚ್ಚಿನವು ಇಡೀ ಲೆಕ್ಕವನ್ನು ಒಂದೇ ಫೈಲಿನಲ್ಲಿ ಇಡುತ್ತವೆ. ಉಳಿತಾಯ ಖಾತೆ, ಎಫ್‌ಡಿ, ಮನೆ ಸಾಲದ ಕಂತು, ಚೀಟಿ ಹಣ, ಹಾಲು, ದಿನಸಿ ಎಲ್ಲವೂ ಅದರೊಳಗೇ. ಹಾಗಾಗಿ ಹಾರ್ಡ್ ಡಿಸ್ಕ್ ಕೈಕೊಟ್ಟ ದಿನ ಹತ್ತು ವರ್ಷದ ಲೆಕ್ಕ ಒಟ್ಟಿಗೇ ಹೋಗುತ್ತದೆ. ಹಳೆಯ ಸ್ಟೇಟ್‌ಮೆಂಟುಗಳನ್ನು ಬ್ಯಾಂಕಿನಿಂದ ತರಿಸಿಕೊಳ್ಳಬಹುದು, ನಿಜ. ಆದರೆ ಎಟಿಎಂನಿಂದ ತೆಗೆದ ಐದು ಸಾವಿರ ಯಾವುದಕ್ಕೆ ಖರ್ಚಾಯಿತು, ತಮ್ಮನಿಗೆ ಕೊಟ್ಟ ಕೈಗಡದಲ್ಲಿ ಎಷ್ಟು ವಾಪಸ್ ಬಂತು ಎಂಬುದು ಯಾವ ಬ್ಯಾಂಕಿನ ಹತ್ತಿರವೂ ಇರುವುದಿಲ್ಲ.

ಅದೇ ಡಿಸ್ಕಿನಲ್ಲಿ ಇನ್ನೊಂದು ಫೋಲ್ಡರ್ ಮಾಡಿ ಪ್ರತಿ ಇಟ್ಟರೆ ಕೈತಪ್ಪಿ ಅಳಿಸಿದ್ದನ್ನು ಮರಳಿ ಪಡೆಯಬಹುದು, ಅಷ್ಟೇ. ಡಿಸ್ಕ್ ಕೆಟ್ಟರೆ, ಲ್ಯಾಪ್‌ಟಾಪ್ ಕಳುವಾದರೆ ಎರಡೂ ಹೋದಂತೆ. ಪ್ರತಿಗೆ ಬೇರೆ ಯಂತ್ರವೇ ಬೇಕು. ಅದು ಮಕ್ಕಳ ಓದಿಗೆಂದು ಕೊಂಡದ್ದಾಗಲಿ, ಮೂಲೆ ಸೇರಿದ ಹಳೆಯ ಡೆಸ್ಕ್‌ಟಾಪ್ ಆಗಲಿ, ನಡೆಯುತ್ತದೆ. ಜಾಗದ ಚಿಂತೆ ಬೇಡ; ಒಂದು ಸಂಸಾರದ ಹಲವು ವರ್ಷಗಳ ಲೆಕ್ಕ ಕೆಲವೇ ಎಂಬಿಗಳಲ್ಲಿ ಮುಗಿಯುತ್ತದೆ.

ಮೊದಲು ತಿಳಿಯಬೇಕಾದದ್ದು ಯಾವ ಫೈಲನ್ನು ನಕಲಿಸಬೇಕು ಎಂಬುದು. ಉಚಿತವಾಗಿ ಸಿಗುವ ಗ್ನೂಕ್ಯಾಶ್ ತಂತ್ರಾಂಶವನ್ನೇ ನೋಡಬಹುದು. ‘ಮನೆಲೆಕ್ಕ’ ಎಂಬ ಹೆಸರಿನಲ್ಲಿ ಲೆಕ್ಕ ಶುರು ಮಾಡಿದವರು ಕೆಲವು ದಿನ ಬಿಟ್ಟು ಆ ಫೋಲ್ಡರ್ ತೆರೆದರೆ ಗಾಬರಿಯಾಗುವಷ್ಟು ಫೈಲುಗಳಿರುತ್ತವೆ. ಮೂಲ ಫೈಲಿನ ಜೊತೆಗೆ ಅದೇ ಹೆಸರಿನ ಮುಂದೆ 20250331214510 ಎಂಬಂಥ ಉದ್ದದ ಸಂಖ್ಯೆ ಹೊತ್ತ ಹತ್ತಾರು ಫೈಲುಗಳು. ಸಂಖ್ಯೆಯನ್ನು ಬಿಡಿಸಿ ಓದಿದರೆ 2025ರ ಮಾರ್ಚ್ 31, ರಾತ್ರಿ 9 ಗಂಟೆ 45 ನಿಮಿಷ 10 ಸೆಕೆಂಡು. ಪ್ರತಿ ಸಲ ಉಳಿಸುವಾಗ ಹಿಂದಿನ ರೂಪವನ್ನು ಅದು ಹೀಗೆ ತಾನೇ ಎತ್ತಿಡುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ 30 ದಿನ ಕಳೆದವನ್ನು ತಾನೇ ಅಳಿಸುತ್ತದೆ. ಆ ಅವಧಿಯಲ್ಲಿ ಮಾಡಿದ ಬದಲಾವಣೆಗಳನ್ನು ಬರೆದಿಡುವ ‘ಲಾಗ್’ ಫೈಲುಗಳೂ ಇರುತ್ತವೆ. ಇನ್ನೊಂದು ಕಂಪ್ಯೂಟರಿಗೆ ಹೋಗಲೇಬೇಕಾದದ್ದು ಸಂಖ್ಯೆಯಿಲ್ಲದ ಮೂಲ ಫೈಲ್. ಅಮೆರಿಕ, ಕೆನಡಾಗಳಲ್ಲಿ ಬಳಕೆಯಲ್ಲಿರುವ ಕ್ವಿಕನ್‌ನ ಹಳೆಯ ಆವೃತ್ತಿಗಳಲ್ಲಿ ಮಾತ್ರ ಒಂದೇ ಹೆಸರಿನ ಹಲವು ಫೈಲುಗಳು ಸೇರಿದರೆ ಒಂದು ಲೆಕ್ಕ. ಅಂಥ ಕಡೆ ಒಂದನ್ನು ಬಿಟ್ಟು ಉಳಿದದ್ದನ್ನು ಒಯ್ದರೆ ಕೆಲಸ ಕೆಟ್ಟಿತು. ತಂತ್ರಾಂಶದೊಳಗಿನ ಬ್ಯಾಕಪ್ ಆಯ್ಕೆಯನ್ನೇ ಬಳಸುವುದು ಕ್ಷೇಮ.

ಲೆಕ್ಕದ ಫೈಲಿನೊಳಗೆ ಇದೆ ಎಂದು ನಂಬಿಕೊಂಡ ಕೆಲವು ಸಂಗತಿಗಳು ಅಲ್ಲಿ ಇರುವುದಿಲ್ಲ. ಗ್ನೂಕ್ಯಾಶ್‌ನಲ್ಲಿ ಫ್ರಿಜ್ ಕೊಂಡ ಬಿಲ್ಲಿನ ಸ್ಕ್ಯಾನನ್ನು ಆ ಖರ್ಚಿನ ನಮೂದಿಗೆ ಜೋಡಿಸಬಹುದು. ಆದರೆ ಫೈಲಿನಲ್ಲಿ ದಾಖಲಾಗುವುದು ಸ್ಕ್ಯಾನ್ ಎಲ್ಲಿದೆ ಎಂಬ ವಿಳಾಸ ಮಾತ್ರ, ಸ್ಕ್ಯಾನ್ ಅಲ್ಲ. ಬಿಲ್ಲುಗಳ ಫೋಲ್ಡರನ್ನು ಬೇರೆಯಾಗಿಯೇ ನಕಲಿಸಬೇಕು. ಬಳಕೆದಾರರು ತಮಗೆ ಬೇಕಾದಂತೆ ತಿದ್ದಿ ಉಳಿಸಿಕೊಂಡ ವರದಿಗಳೂ ಬೇರೊಂದು ಕಡೆ ಇರುತ್ತವೆ.

ನಕಲಿಸುವ ಮುನ್ನ ತಂತ್ರಾಂಶವನ್ನು ಮುಚ್ಚಬೇಕು. ತೆರೆದಿರುವಾಗ ನಕಲಿಸಿದರೆ ಇನ್ನೂ ಉಳಿಸದ ನಮೂದುಗಳು ಬಿಟ್ಟುಹೋಗುತ್ತವೆ, ಬರವಣಿಗೆಯ ನಡುವೆ ನಕಲಾದರೆ ಪ್ರತಿಯೇ ಹಾಳು. ಗ್ನೂಕ್ಯಾಶ್ ತೆರೆದಿರುವಷ್ಟು ಹೊತ್ತು ಫೋಲ್ಡರಿನಲ್ಲಿ ‘ಎಲ್‌ಸಿಕೆ’ ಎಂದು ಕೊನೆಗೊಳ್ಳುವ ಸಣ್ಣ ಬೀಗದ ಫೈಲ್ ಇರುತ್ತದೆ. ಅದು ಕಂಡರೆ ಯಾರೋ ಲೆಕ್ಕ ತೆರೆದಿದ್ದಾರೆ, ಇಲ್ಲವೇ ಕಳೆದ ಸಲ ಕರೆಂಟ್ ಹೋಗಿ ಕಂಪ್ಯೂಟರ್ ಏಕಾಏಕಿ ಆರಿದೆ.

ಬಹಳ ಜನ ಎಡವುವುದು ಬ್ಯಾಕಪ್ಪಿಗೂ ಸಿಂಕ್‌ಗೂ ಇರುವ ವ್ಯತ್ಯಾಸದಲ್ಲಿ. ಡ್ರಾಪ್‌ಬಾಕ್ಸ್, ಒನ್‌ಡ್ರೈವ್‌ಗಳಂಥವು ಎರಡು ಕಂಪ್ಯೂಟರುಗಳ ಫೋಲ್ಡರುಗಳನ್ನು ಸದಾ ಒಂದೇ ರೀತಿ ಇಡುತ್ತವೆ. ಇಲ್ಲಿ ಕೆಟ್ಟದ್ದು ಸ್ವಲ್ಪ ಹೊತ್ತಿನಲ್ಲಿ ಅಲ್ಲೂ ಕೆಟ್ಟಿರುತ್ತದೆ. ಗಂಡ ಒಂದರಲ್ಲಿ, ಹೆಂಡತಿ ಇನ್ನೊಂದರಲ್ಲಿ ಒಟ್ಟಿಗೇ ಲೆಕ್ಕ ಬರೆದರಂತೂ ಎರಡು ಫೈಲುಗಳಾಗಿ, ಯಾವುದು ಪೂರ್ತಿ ಎಂದು ಹೇಳಲಾಗದ ಸ್ಥಿತಿ. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿಯ ‘ಮಿರರ್’ ಆಯ್ಕೆಯೂ ಇದೇ ಜಾತಿಯದು. ಮೂಲದಲ್ಲಿ ಇಲ್ಲದ್ದನ್ನು ಅದು ಪ್ರತಿಯಿಂದಲೂ ಅಳಿಸುತ್ತದೆ. ಪ್ರತಿ ಸಲ ಹೊಸ ಹೆಸರಿನಲ್ಲಿ, ತಾರೀಖು ಹಾಕಿ ನಕಲಿಸಿದರೆ ಈ ತಾಪತ್ರಯವಿಲ್ಲ. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಫೈಲುಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ವಾರಕ್ಕೊಂದು ಪ್ರತಿ ಸಾಕು. ಮಾರ್ಚ್ 31ರದ್ದನ್ನು ಮಾತ್ರ ಎಂದೂ ಅಳಿಸಬಾರದು. ಆದಾಯ ತೆರಿಗೆಯ ಪ್ರಶ್ನೆಗಳು ಬರುವುದು ವರ್ಷಗಳ ನಂತರ.

ಎರಡೂ ಕಂಪ್ಯೂಟರುಗಳು ಒಂದೇ ವೈಫೈಯಲ್ಲಿದ್ದರೆ ಫೋಲ್ಡರ್ ಶೇರ್ ಮಾಡಿ ನಕಲಿಸುವುದು ಸುಲಭ. ಇಲ್ಲಿ ದಿಕ್ಕು ಮುಖ್ಯ. ಲೆಕ್ಕ ಬರೆಯುವ ಯಂತ್ರ ಎರಡನೆಯದಕ್ಕೆ ತಳ್ಳುವುದಕ್ಕಿಂತ, ಎರಡನೆಯದು ಮೊದಲನೆಯದರಿಂದ ಎಳೆದುಕೊಳ್ಳುವುದು ಮೇಲು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ, ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯ ದೋಷವನ್ನೇ ಹಿಡಿದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರಿತ್ತು. ಇಂಥ ಸುಲಿಗೆ ತಂತ್ರಾಂಶಗಳು ತಮಗೆ ಬರೆಯಲು ಅನುಮತಿಯಿರುವ ಶೇರ್ ಫೋಲ್ಡರುಗಳನ್ನೂ ಗೂಢಲಿಪಿ ಮಾಡಿ ಹಣ ಕೇಳುತ್ತವೆ. ಮೊದಲನೆಯ ಕಂಪ್ಯೂಟರಿಗೆ ಎರಡನೆಯದರಲ್ಲಿ ಬರೆಯುವ ಅನುಮತಿಯೇ ಇಲ್ಲದಿದ್ದರೆ ಆ ದಾರಿ ಮುಚ್ಚಿದಂತೆ. ಕೆಲಸ ಮುಗಿದ ಮೇಲೆ ಎರಡನೆಯದನ್ನು ಆಫ್ ಮಾಡಿಡುವುದು ಇನ್ನೂ ಒಳ್ಳೆಯದು.

ತೆರೆದು ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ. ಎರಡನೆಯ ಕಂಪ್ಯೂಟರಿನಲ್ಲಿ ಅದೇ ತಂತ್ರಾಂಶ, ಸಾಧ್ಯವಾದಷ್ಟು ಅದೇ ಆವೃತ್ತಿ ಹಾಕಿ, ಪ್ರತಿಯನ್ನು ತೆರೆದು, ಕೊನೆಯ ನಮೂದಿನ ತಾರೀಖನ್ನೂ ಉಳಿತಾಯ ಖಾತೆಯ ಬಾಕಿಯನ್ನೂ ಪಾಸ್‌ಬುಕ್‌ನೊಂದಿಗೆ ತಾಳೆ ನೋಡಬೇಕು. ಮೂಲ ಫೈಲಿನ ಮೇಲೆ ‘ರಿಸ್ಟೋರ್’ ಒತ್ತಿ ಪರೀಕ್ಷಿಸುವ ಸಾಹಸ ಮಾತ್ರ ಬೇಡ. ತಂತ್ರಾಂಶವೇ ಕಣ್ಮರೆಯಾಗುವುದೂ ಉಂಟು. ಮೈಕ್ರೋಸಾಫ್ಟ್ ತನ್ನ ‘ಮನಿ’ ತಂತ್ರಾಂಶದ ಮಾರಾಟವನ್ನು 2009ರಲ್ಲಿ ನಿಲ್ಲಿಸಿತು. ಹಳೆಯ ಫೈಲುಗಳನ್ನು ತೆರೆಯಲಿಕ್ಕೆಂದು ಆಮೇಲೆ ‘ಸನ್‌ಸೆಟ್’ ಎಂಬ ಉಚಿತ ಆವೃತ್ತಿ ಕೊಟ್ಟಿತು. ಎಲ್ಲ ಕಂಪನಿಗಳೂ ಅಷ್ಟು ಉದಾರವಾಗಿರುತ್ತವೆ ಎನ್ನಲಾಗದು. ಆದ್ದರಿಂದ ವರ್ಷಕ್ಕೊಮ್ಮೆ ಲೆಕ್ಕವನ್ನು ಸಿಎಸ್‌ವಿ ರೂಪದಲ್ಲೂ ತೆಗೆದಿಟ್ಟರೆ ಎಕ್ಸೆಲ್‌ನಲ್ಲಾದರೂ ಓದಬಹುದು.

ಪ್ರತಿ ಎರಡಾದ ಕೂಡಲೇ ಗುಟ್ಟು ಕಾಯಬೇಕಾದ ಜಾಗವೂ ಎರಡಾಗುತ್ತದೆ. ಗ್ನೂಕ್ಯಾಶ್ ಫೈಲಿಗೆ ಪಾಸ್‌ವರ್ಡ್ ಇಲ್ಲ. ಸಾಮಾನ್ಯವಾಗಿ ಅದು ಜಿಪ್ ಮಾಡಿದಂತೆ ಅದುಮಿಟ್ಟ ಪಠ್ಯ, ಬಿಡಿಸಿದರೆ ಯಾರು ಬೇಕಾದರೂ ಓದಬಹುದು. ಸೆವೆನ್‌ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿಟ್ಟರೆ ಆ ಭಯವಿಲ್ಲ. ಆದರೆ ಆ ಪಾಸ್‌ವರ್ಡ್ ಮರೆತರೆ ಬಿಡಿಸಿಕೊಡುವವರು ಯಾರೂ ಇಲ್ಲ. ಬೆಂಗಳೂರಿನಲ್ಲಿ ಹುಟ್ಟಿ ದೇಶದ ಅಂಗಡಿಗಳನ್ನು ತಲುಪಿದ ಲೆಕ್ಕದ ತಂತ್ರಾಂಶ ಟ್ಯಾಲಿಯ ‘ವಾಲ್ಟ್’ ಪಾಸ್‌ವರ್ಡಿಗೂ ಇದೇ ಮಾತು. ಇಂಥ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಇಟ್ಟು, ಮನೆಯ ಇನ್ನೊಬ್ಬರಿಗೆ ಹೇಳಿರಬೇಕು.

ಎರಡೂ ಯಂತ್ರ ಒಂದೇ ಮನೆಯಲ್ಲಿದ್ದರೆ ಕಳ್ಳತನಕ್ಕೂ ಬೆಂಕಿಗೂ ಒಟ್ಟಿಗೇ ಸಿಕ್ಕುತ್ತವೆ. ಅದಕ್ಕೆ ಪಾಸ್‌ವರ್ಡ್ ಹಾಕಿದ ಮೂರನೆಯ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಅಕ್ಕನ ಮನೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಲಿ. ಇನ್ನು ಎರಡನೆಯ ಕಂಪ್ಯೂಟರ್ ಹಳತಾಗಿ ಎಕ್ಸ್‌ಚೇಂಜಿಗೋ ಗುಜರಿಗೋ ಹೋಗುವ ದಿನ, ಅದರೊಳಗಿನ ಲೆಕ್ಕ ನೆನಪಿಗೆ ಬರಬೇಕು. ರೀಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದು. ವಿಂಡೋಸ್‌ನ ರೀಸೆಟ್‌ನಲ್ಲಿ ಡ್ರೈವನ್ನು ಪೂರ್ತಿ ಒರೆಸುವ ಆಯ್ಕೆ ಆರಿಸಬೇಕು. ಯಂತ್ರ ಆನ್ ಆಗುವುದೇ ಇಲ್ಲವಾದರೆ ರಿಪೇರಿಯವರಿಂದ ಡಿಸ್ಕ್ ಬಿಚ್ಚಿಸಿಕೊಂಡು, ಉಳಿದದ್ದನ್ನಷ್ಟೇ ಗುಜರಿಗೆ ಕೊಡುವುದು.