ಬೀಳು ಜಮೀನಿನಲ್ಲಿ ಇಂಧನದ ಬೆಳೆ: ಕೋಲಾರ ಸೀಮೆಯ ಲೆಕ್ಕ

ನಮ್ಮ ಸದಸ್ಯರಲ್ಲಿ ಹಲವರಿಗೆ ಕಾಫಿ, ಅಡಿಕೆ ತೋಟದ ಜೊತೆಗೆ ಆಳು ಸಿಗದೆ ಬೀಳುಬಿಟ್ಟ ಗದ್ದೆ, ಖುಷ್ಕಿ ಜಮೀನೂ ಇದೆ. ಅಲ್ಲಿ ಸೌದೆ ಮರವನ್ನೋ ಎಣ್ಣೆಬೀಜದ ಗಿಡವನ್ನೋ ಹಾಕಿದರೆ ಲಾಭವುಂಟೆ ಎಂಬುದು ಸಂಘದಲ್ಲಿ ಆಗಾಗ್ಗೆ ಬರುವ ಪ್ರಶ್ನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರು ಇದಕ್ಕೆ ಹತ್ತಿರದ ಪ್ರಯೋಗವನ್ನು ನಾಲ್ಕು ದಶಕಗಳ ಹಿಂದೆಯೇ ಮಾಡಿದ್ದಾರೆ.

1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಹಳ್ಳಿಗೆ ಸೌದೆ ಒದಗಿಸುವ ಮಾತಿನೊಡನೆ ಬಂದಿತು. ರಾಗಿ ಹೊಲಗಳಲ್ಲೂ ನೀಲಗಿರಿ ಎದ್ದಿತು. ಆದರೆ ದಿಮ್ಮಿಗಳಲ್ಲಿ ಬಹಳಷ್ಟು ಕಾಗದ, ರೇಯಾನ್ ಕಾರ್ಖಾನೆಗಳ ದಾರಿ ಹಿಡಿದವು.

ರೈತನ ಲೆಕ್ಕವನ್ನು ನಾವು ಹಳಿಯುವುದಿಲ್ಲ. ಮಳೆ ಕೈಕೊಟ್ಟರೆ ರಾಗಿಗೆ ಹಾಕಿದ ಬಂಡವಾಳ ಮುಳುಗುತ್ತದೆ. ನೀಲಗಿರಿಯನ್ನು ದನ ಮೇಯುವುದಿಲ್ಲ, ಕಾವಲು ಬೇಡ. ಏಳೆಂಟು ವರ್ಷಕ್ಕೆ ಕಟಾವು, ಬಳಿಕ ಬುಡದಿಂದಲೇ ಚಿಗುರು. ಪಟ್ಟಣ ಸೇರಿದ ಜಮೀನುದಾರನಿಗಂತೂ ಇದಕ್ಕಿಂತ ಅನುಕೂಲ ಬೇರೆಯಿಲ್ಲ.

ಆದರೆ ಖರ್ಚಿನ ಪಟ್ಟಿಯಲ್ಲಿ ಕೆಲವು ಬಾಬುಗಳು ಬಿಟ್ಟುಹೋಗಿದ್ದವು. ರಾಗಿ ಹೋದಲ್ಲಿ ಹುಲ್ಲೂ ಹೋಯಿತು. ಹುಲ್ಲಿಲ್ಲದೆ ದನವಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ. ಕಳೆ, ಕೊಯ್ಲಿನ ಕೂಲಿಯೂ ತಪ್ಪಿತು. ಮಾಲೂರಿಗೆ ನೆರೆಯ ಹೊಸಕೋಟೆಯ ಬಳಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಳವಾದ ಮಣ್ಣಿನಲ್ಲಿ ಬೆಳೆದ ನೀಲಗಿರಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿದ್ದು ಕಂಡುಬಂದಿತು. ಬಾವಿ, ಕೆರೆಗಳನ್ನೇ ನಂಬಿದ ಸೀಮೆಗೆ ಇದು ಸಣ್ಣ ಖರ್ಚಲ್ಲ. ಅಲ್ಲಿ ಅಂತರ್ಜಲ ಇಳಿದದ್ದಕ್ಕೆ ಕೊಳವೆಬಾವಿಗಳ ಪಾಲೂ ದೊಡ್ಡದು ಎಂಬುದನ್ನು ಮರೆಯಬಾರದು. ಮತ್ತೆ ಉಳಲು ಹೊರಟವನಿಗೆ ಬೊಡ್ಡೆ ಕೀಳುವ ಖರ್ಚು ಬೇರೆ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಪ್ರತಿಭಟಿಸಿದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು.

ಹಾಗಾದರೆ ಹೊಂಗೆ? 2009ರ ರಾಜ್ಯ ಜೈವಿಕ ಇಂಧನ ನೀತಿಯ ನಂತರ ಇದರ ಮಾತು ಹೆಚ್ಚಾಗಿದೆ. ಬೀಜದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ. ಹಿಂಡಿ ನಮ್ಮ ತೋಟಕ್ಕೇ ಗೊಬ್ಬರ. ಆದರೆ ಫಸಲಿಗೆ ಹಲವು ವರ್ಷ ಕಾಯಬೇಕು, ಕಾಯಿ ಆರಿಸಲು ಕೈಗಳು ಬೇಕು. ಆಳಿನ ಅಭಾವದಿಂದಲೇ ಬೀಳುಬಿಟ್ಟವರು ಇದನ್ನು ಯೋಚಿಸಬೇಕು. ಆದುದರಿಂದ ಇಡೀ ಹೊಲವನ್ನು ಒಪ್ಪಿಸದೆ ಬದು, ಬೇಲಿಯಂಚಿಗೆ ಹೊಂಗೆ ಹಾಕುವುದು ಲೇಸು.

ಸಸಿ ತರುವ ಮುನ್ನ ಸದಸ್ಯರು ಮೂರು ಲೆಕ್ಕ ಬರೆದಿಡಲಿ: ಕೊಳ್ಳುವವರು ಯಾರು, ನೀರು ಯಾರದು, ಬೇಡವಾದಾಗ ತೆಗೆಯುವ ಖರ್ಚೆಷ್ಟು. ಕೋಲಾರದ ರೈತರು ಮೊದಲನೆಯದನ್ನು ಮಾತ್ರ ಕೇಳಿದ್ದರು. ಉಳಿದೆರಡಕ್ಕೆ ಉತ್ತರ ತಡವಾಗಿ ಬಂದಿತು.