ಹಳೆಯ ಜೀಪಿಗೆ ಭಾರದ ಟ್ರೇಲರ್: ಕೊಂಡಿ ಹಾಕುವ ಮುನ್ನ ಲೆಕ್ಕ ಹಾಕಿ

ನಮ್ಮ ಜಿಲ್ಲೆಯ ಅನೇಕ ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಅಂಗಳದಲ್ಲಿ ಹತ್ತು ಹದಿನೈದು ವರ್ಷ ದುಡಿದ ಬೊಲೆರೊ, ಸುಮೋ ಅಥವಾ ಸ್ಕಾರ್ಪಿಯೊ ವಾಹನವೊಂದು ನಿಂತಿರುತ್ತದೆ. ಮಾರಿದರೆ ಹೆಚ್ಚು ಬೆಲೆ ಬಾರದು, ಇಟ್ಟುಕೊಂಡರೆ ಕೆಲಸ ಕಡಿಮೆ. ಇಂತಹ ಸಂದರ್ಭದಲ್ಲಿ ಅದರ ಹಿಂದೆ ಒಂದು ಟ್ರೇಲರ್ ಕಟ್ಟಿ ಡೀಸೆಲ್ ಜನರೇಟರ್, ಏರ್ ಕಂಪ್ರೆಸರ್, ಕಾಂಕ್ರೀಟ್ ಮಿಕ್ಸರ್ ಅಥವಾ ಮಾಲಿನ ಚೀಲಗಳನ್ನು ಬೀದರದಿಂದ ಭಾಲ್ಕಿಗೋ ಔರಾದಿಗೋ ಸಾಗಿಸಬಹುದಲ್ಲ ಎಂಬ ಆಲೋಚನೆ ಸಹಜವಾಗಿಯೇ ಮೂಡುತ್ತದೆ. ಬಾಡಿಗೆ ಉಳಿಯಿತು ಎಂಬ ಸಮಾಧಾನವೂ ಆಗುತ್ತದೆ.

ಆದರೆ ಉಳಿಯಿತೆಂದು ತೋರುವ ಈ ಬಾಡಿಗೆ ನಿಜವಾಗಿಯೂ ಉಳಿದಿದೆಯೇ ಎಂಬುದನ್ನು ನಾಲ್ಕು ಲೆಕ್ಕಗಳು ನಿರ್ಧರಿಸುತ್ತವೆ: ತೂಕ, ಕಾನೂನು, ವಿಮೆ ಮತ್ತು ವೆಚ್ಚ. ಇವುಗಳಲ್ಲಿ ಯಾವುದೇ ಒಂದು ತಪ್ಪಿದರೂ ಒಂದೇ ಅಪಘಾತದಲ್ಲಿ ವರ್ಷಗಳ ಉಳಿತಾಯ ಮಾತ್ರವಲ್ಲ, ವ್ಯಾಪಾರದ ಬಂಡವಾಳವೇ ಕರಗಬಹುದು. ಆದ್ದರಿಂದ ಈ ನಾಲ್ಕನ್ನೂ ಕ್ರಮವಾಗಿ ಪರಿಶೀಲಿಸೋಣ.

1. ತೂಕದ ಲೆಕ್ಕ

"ನಮ್ಮ ಗಾಡಿ ಎಳೆಯುತ್ತದೆ" ಎಂಬ ಮಾತು ಅರ್ಧ ಸತ್ಯ ಮಾತ್ರ. ಎಳೆದ ಭಾರವನ್ನು ನಿಲ್ಲಿಸುವ ಸಾಮರ್ಥ್ಯ ಇದೆಯೇ ಎಂಬುದು ಮುಖ್ಯ ಪ್ರಶ್ನೆ. ಚಾಲಕ ಸಹಿತ ಜೀಪಿನ ತೂಕ 1,700 ಕಿ.ಗ್ರಾಂ., ಸಾಮಾನು ಸಹಿತ ಟ್ರೇಲರಿನ ತೂಕವೂ 1,700 ಕಿ.ಗ್ರಾಂ. ಎಂದು ಊಹಿಸಿಕೊಳ್ಳಿ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ, ಅದೇ ವೇಗದಲ್ಲಿ ಜೀಪಿನ ಬ್ರೇಕುಗಳು ಎರಡು ಪಟ್ಟು ಶಕ್ತಿಯನ್ನು ತಡೆಯಬೇಕಾಗುತ್ತದೆ. ವೇಗವು ಗಂಟೆಗೆ 40 ಕಿ.ಮೀ.ನಿಂದ 60 ಕಿ.ಮೀ.ಗೆ ಏರಿದರೆ ಈ ಶಕ್ತಿ ಮತ್ತೆ ಎರಡೂಕಾಲು ಪಟ್ಟಾಗುತ್ತದೆ. ಅಂದರೆ 40ರ ವೇಗದಲ್ಲಿ ಒಂಟಿಯಾಗಿ ಓಡುವ ಜೀಪಿಗೆ ಹೋಲಿಸಿದರೆ 60ರ ವೇಗದಲ್ಲಿ ಟ್ರೇಲರ್ ಸಹಿತ ಓಡುವ ಜೀಪನ್ನು ನಿಲ್ಲಿಸಲು ಅದೇ ಬ್ರೇಕುಗಳು ನಾಲ್ಕೂವರೆ ಪಟ್ಟು ದುಡಿಯಬೇಕು.

ನಮ್ಮ ಭೂಪ್ರದೇಶವನ್ನೂ ಗಮನಿಸಬೇಕು. ಬೀದರ ನಗರವು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಔರಾದ ಕಡೆಗೆ ಹೊರಟ ವಾಹನವು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮಾಂಜ್ರಾ ನದಿಯ ಕಣಿವೆಗೆ ಇಳಿಯಬೇಕು, ಮರಳುವಾಗ ಏರಬೇಕು. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿದರೆ ಅದು ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಇಳಿಯುವುದೇ ಕ್ಷೇಮ. ಏರಿನಲ್ಲಿ ಹಳೆಯ ವಾಹನದ ಕ್ಲಚ್ ಮತ್ತು ರೇಡಿಯೇಟರಿನ ಪರೀಕ್ಷೆಯಾಗುತ್ತದೆ.

ತಯಾರಕರ ಕೈಪಿಡಿಯಲ್ಲಿ ಎಳೆಯಬಹುದಾದ ಭಾರ ನಮೂದಾಗಿದ್ದರೆ ಅದೇ ಮಿತಿ. ನಮೂದಾಗಿಲ್ಲದಿದ್ದರೆ ಅಧಿಕೃತ ಮಾರಾಟಗಾರರಿಂದ ಲಿಖಿತ ಉತ್ತರ ಪಡೆಯಿರಿ. ಇಂಜಿನ್ನಿನ ಅಶ್ವಶಕ್ತಿಯನ್ನು ನೋಡಿ ಊಹಿಸಬೇಡಿ. ನಂತರ ವೇಬ್ರಿಡ್ಜಿನಲ್ಲಿ ಜೀಪು, ಟ್ರೇಲರ್ ಹಾಗೂ ಎರಡರ ಜೋಡಿಯನ್ನು ಪ್ರತ್ಯೇಕವಾಗಿ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಎರಡು ಗಾಲಿಯ ಟ್ರೇಲರಿನಲ್ಲಿ ಒಟ್ಟು ತೂಕದ ಸುಮಾರು ಶೇ. 10ರಷ್ಟು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸುವುದು ವಾಡಿಕೆ. ಮೇಲಿನ ಉದಾಹರಣೆಯಲ್ಲಿ ಅದು 170 ಕಿ.ಗ್ರಾಂ. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಟ್ರೇಲರ್ ಬಾಲದಂತೆ ಓಲಾಡಿ ಜೀಪಿನ ಹಿಂಭಾಗವನ್ನೇ ಎಳೆದಾಡುತ್ತದೆ. ಕೊಂಡಿ ಕೂಡುವ ಜಾಗದಲ್ಲಿ ಚಾಸಿ ತುಕ್ಕು ಹಿಡಿದಿದೆಯೇ ಎಂಬುದನ್ನು ಹಳೆಯ ವಾಹನದಲ್ಲಿ ಮೊದಲು ನೋಡಬೇಕು.

2. ಕಾನೂನಿನ ದೃಷ್ಟಿ

ಟ್ರೇಲರಿಗೆ ಇಂಜಿನ್ ಇಲ್ಲ, ಆದ್ದರಿಂದ ಅದು ವಾಹನವಲ್ಲ ಎಂಬ ನಂಬಿಕೆ ಸರಿಯಲ್ಲ. ಮೋಟಾರು ವಾಹನ ಕಾಯ್ದೆ, 1988ರ ವ್ಯಾಖ್ಯೆಯಂತೆ ಟ್ರೇಲರ್ ಸಹ ಮೋಟಾರು ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಕಲಂ 61ರ ಅನ್ವಯ ಟ್ರೇಲರಿನ ಸ್ವಂತ ಸಂಖ್ಯೆ ಅದರ ಪಕ್ಕದಲ್ಲಿಯೂ, ಎಳೆಯುವ ವಾಹನದ ಸಂಖ್ಯೆ ಟ್ರೇಲರಿನ ಮೇಲೆಯೂ ಕಾಣುವಂತಿರಬೇಕು. ಜೀಪು ಕೆಎ–38ರ ಬೀದರ ನೋಂದಣಿಯದಾಗಿರಲಿ, ಕೆಎ–39ರ ಭಾಲ್ಕಿ ನೋಂದಣಿಯದಾಗಿರಲಿ, ನಿಯಮ ಒಂದೇ.

ಕಲಂ 2(14)ರಲ್ಲಿ "ಸರಕು ಸಾಗಣೆ ವಾಹನ" ಎಂಬುದಕ್ಕೆ ಕೊಟ್ಟ ಅರ್ಥ ಇನ್ನೂ ಮಹತ್ವದ್ದು. ಸರಕಿಗಾಗಿಯೇ ನಿರ್ಮಿಸಿದ ವಾಹನ ಮಾತ್ರವಲ್ಲದೆ, ಹಾಗೆ ನಿರ್ಮಿಸಿರದಿದ್ದರೂ ಸರಕು ಸಾಗಿಸಲು ಬಳಸಿದಾಗ ಯಾವುದೇ ಮೋಟಾರು ವಾಹನ ಈ ವರ್ಗಕ್ಕೆ ಸೇರುತ್ತದೆ. 2005ರಲ್ಲಿ ನಟವರ್ ಪಾರೀಖ್ ಆಂಡ್ ಕಂಪನಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಟ್ರ್ಯಾಕ್ಟರ್ ಮತ್ತು ಟ್ರೇಲರಿನ ಜೋಡಿ ಸರಕು ಸಾಗಣೆ ವಾಹನವೇ ಆಗುತ್ತದೆ ಎಂದು ತೀರ್ಮಾನಿಸಿತು. ಸ್ವಂತ ಬಳಕೆಗೆಂದು ಬಿಳಿ ಫಲಕದಡಿ ನೋಂದಾಯಿಸಿದ ಜೀಪಿಗೆ ಟ್ರೇಲರ್ ಕಟ್ಟಿ ವ್ಯಾಪಾರದ ಮಾಲು ಒಯ್ಯುವವರು ಈ ತರ್ಕವನ್ನು ಮರೆಯಬಾರದು. ತೆರಿಗೆ, ಪರವಾನಗಿ ಮತ್ತು ಯೋಗ್ಯತಾ ಪತ್ರದ ಬಗ್ಗೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ವಿಚಾರಿಸುವುದು ಲೇಸು.

ಚಾಲಕನ ಲೈಸೆನ್ಸಿನ ವಿಷಯದಲ್ಲಿ ಸ್ವಲ್ಪ ನೆಮ್ಮದಿಯಿದೆ. 2001ರ ನಾಗಶೆಟ್ಟಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಉಳ್ಳವನು ಅದಕ್ಕೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ಹೇಳಿತು. 2024ರ ನವೆಂಬರ್ 6ರಂದು ಸಂವಿಧಾನ ಪೀಠವು, ಲಘು ಮೋಟಾರು ವಾಹನದ ಲೈಸೆನ್ಸ್ ಉಳ್ಳವರು 7,500 ಕಿ.ಗ್ರಾಂ. ಒಟ್ಟು ತೂಕ ಮೀರದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದೆಂದು ತೀರ್ಪಿತ್ತಿತು.

ಮಿತಿಮೀರಿದ ಭಾರಕ್ಕೆ ಮಾತ್ರ ರಿಯಾಯಿತಿ ಇಲ್ಲ. 2019ರ ತಿದ್ದುಪಡಿಯ ನಂತರ ಕಲಂ 194 ವಿಧಿಸುವ ದಂಡ ರೂ. 20,000, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ಮತ್ತು ಮಾಲು ಇಳಿಸುವ ಖರ್ಚು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಿಸದ ಹಳೆಯ ಜೀಪಿಗೆ ಟ್ರೇಲರ್ ಕಟ್ಟುವ ಮಾತೇ ಬರುವುದಿಲ್ಲ.

3. ವಿಮೆಯ ಬಿರುಕು

ಖಾಸಗಿ ಕಾರಿನ ಪಾಲಿಸಿಯಲ್ಲಿ "ಬಳಕೆಯ ಮಿತಿ" ಎಂಬ ಷರತ್ತು ಇರುತ್ತದೆ. ಮಾದರಿ ಮತ್ತು ಸ್ವಂತ ಸಾಮಾನನ್ನು ಬಿಟ್ಟು ಬೇರೆ ಸರಕು ಸಾಗಿಸುವುದು ಸಾಮಾನ್ಯವಾಗಿ ಅದರ ರಕ್ಷಣೆಯ ಹೊರಗಿರುತ್ತದೆ. ಸರಕು ವಾಹನದ ಪಾಲಿಸಿಯಲ್ಲಿಯೂ, ಕೆಟ್ಟು ನಿಂತ ಒಂದು ವಾಹನವನ್ನು ಪ್ರತಿಫಲವಿಲ್ಲದೆ ಎಳೆಯುವುದನ್ನು ಬಿಟ್ಟರೆ, ಟ್ರೇಲರ್ ಎಳೆಯುವ ಬಳಕೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಟ್ರೇಲರನ್ನು ಪಾಲಿಸಿಯಲ್ಲಿ ನಮೂದಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಮಾತ್ರ ರಕ್ಷಣೆ ದೊರೆಯುತ್ತದೆ.

ಇದರ ಪರಿಣಾಮವನ್ನು ಸ್ಪಷ್ಟವಾಗಿ ತಿಳಿಯಬೇಕು. ಮೂರನೆಯ ವ್ಯಕ್ತಿಗೆ ಪ್ರಾಣಹಾನಿಯಾದಾಗ, ಷರತ್ತು ಉಲ್ಲಂಘನೆಯಾಗಿದ್ದರೂ ವಿಮಾ ಕಂಪನಿಯೇ ಮೊದಲು ಪರಿಹಾರ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ ಪ್ರಕರಣಗಳು ಬಹಳ. ಸಂತ್ರಸ್ತ ಕುಟುಂಬಕ್ಕೆ ಇದು ನ್ಯಾಯವೇ. ಮಾಲೀಕನಿಗಾದರೋ ಆ ಮೊತ್ತ ಸಾಲವಾಗಿ ಮರಳಿ ಬರುತ್ತದೆ. ಏಕಮಾಲೀಕತ್ವದ ವ್ಯಾಪಾರದಲ್ಲಿ ಅಂಗಡಿಗೂ ಮನೆಗೂ ಕಾನೂನಿನ ಗೋಡೆ ಇಲ್ಲ. ವಸೂಲಾತಿ ಮನೆಯ ಬಾಗಿಲಿಗೇ ಬರಬಹುದು. ಪಾಲುದಾರಿಕೆ ಸಂಸ್ಥೆಯಲ್ಲಿ ಪಾಲುದಾರರೆಲ್ಲರೂ ಇದೇ ಸ್ಥಿತಿಯಲ್ಲಿರುತ್ತಾರೆ.

4. ತೆರಿಗೆ ಮತ್ತು ವೆಚ್ಚ

ಚಾಲಕನೂ ಸೇರಿ 13 ಆಸನ ಮೀರದ, ಜನರ ಪ್ರಯಾಣದ ವಾಹನದ ಖರೀದಿ, ವಿಮೆ ಮತ್ತು ದುರಸ್ತಿಯ ಮೇಲಿನ ಜಿಎಸ್‌ಟಿಗೆ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಸರಕಿನ ಟ್ರೇಲರ್ ಈ ನಿರ್ಬಂಧದಲ್ಲಿ ಬರುವುದಿಲ್ಲ. ಆದ್ದರಿಂದ ನೋಂದಾಯಿತ ತಯಾರಕರಿಂದ ತೆರಿಗೆ ಬಿಲ್ಲಿನೊಂದಿಗೇ ಖರೀದಿಸಿ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಜೀಪು ಮನೆಯ ಕೆಲಸಕ್ಕೂ ಓಡಿದರೆ ಆ ಪಾಲಿನ ಖರ್ಚು ವ್ಯಾಪಾರದ ಖರ್ಚಾಗದು. ಓಡಾಟದ ವಹಿ ಇಡುವುದು ಅಗತ್ಯ.

ರೂ. 50,000 ಮೀರಿದ ಮಾಲಿಗೆ ಸಾಮಾನ್ಯವಾಗಿ ಇ–ವೇ ಬಿಲ್ ಬೇಕು. ಮಾರಾಟವಲ್ಲದೆ ಸ್ವಂತ ಜನರೇಟರನ್ನು ಕೆಲಸದ ಸ್ಥಳಕ್ಕೆ ಒಯ್ಯುವಾಗಲೂ ಡೆಲಿವರಿ ಚಲನ್ ಜೊತೆಗಿರಲಿ. ಔರಾದದಿಂದ ದೇಗಲೂರು, ಭಾಲ್ಕಿಯಿಂದ ಉದಗೀರ ಮಹಾರಾಷ್ಟ್ರಕ್ಕೆ ಸೇರಿದ ಊರುಗಳಾದ್ದರಿಂದ ಗಡಿ ದಾಟುವವರು ಈ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.

ಈಗ ಲಾಭ ನಷ್ಟದ ಪ್ರಶ್ನೆ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ತಮ್ಮ ಅಂಕಿಗಳನ್ನು ತಾವೇ ತುಂಬಿಕೊಳ್ಳಿ.

ಟ್ರೇಲರಿನ ಬೆಲೆ ರೂ. 1,20,000, ಶೇ. 15ರಂತೆ ಸವಕಳಿ: ರೂ. 18,000
ಟ್ರೇಲರಿನ ವಿಮೆ, ತೆರಿಗೆ, ಪತ್ರಗಳು: ರೂ. 12,000
ಜೀಪಿನ ಕ್ಲಚ್, ಬ್ರೇಕ್, ಟೈರುಗಳ ಹೆಚ್ಚುವರಿ ದುರಸ್ತಿ: ರೂ. 24,000
ವಾರ್ಷಿಕ ಸ್ಥಿರ ವೆಚ್ಚ: ರೂ. 54,000

ಒಂದು ಸುತ್ತಿನ ಡೀಸೆಲ್ ಮತ್ತು ಚಾಲಕನ ಕೂಲಿ ರೂ. 1,600, ಅದೇ ಕೆಲಸಕ್ಕೆ ಸರಕು ವಾಹನದ ಬಾಡಿಗೆ ರೂ. 3,000 ಎಂದಿಟ್ಟುಕೊಂಡರೆ ಪ್ರತಿ ಸುತ್ತಿನ ಉಳಿತಾಯ ರೂ. 1,400. ರೂ. 54,000ವನ್ನು ಇದರಿಂದ ಭಾಗಿಸಿದರೆ ವರ್ಷಕ್ಕೆ 39 ಸುತ್ತು ಆದಾಗ ಮಾತ್ರ ಖರ್ಚು ಹುಟ್ಟುತ್ತದೆ. 60 ಸುತ್ತು ಓಡಿಸುವವರಿಗೆ ಒಂದು ಸುತ್ತಿಗೆ ಬೀಳುವ ವೆಚ್ಚ ರೂ. 2,500, 20 ಸುತ್ತು ಓಡಿಸುವವರಿಗೆ ರೂ. 4,300. ಇದರಲ್ಲಿ ಬಂಡವಾಳದ ಬಡ್ಡಿಯನ್ನು ಸೇರಿಸಿಲ್ಲ. ರಾಶಿಯ ಹಂಗಾಮಿನಲ್ಲಿ ಮಾತ್ರ ಟ್ರೇಲರ್ ಬೇಕಾಗುವ ಸದಸ್ಯರಿಗೆ ಬಾಡಿಗೆಯೇ ಅಗ್ಗ ಎಂಬುದು ಇದರಿಂದ ಸ್ಪಷ್ಟ.

ಕೊನೆಯದಾಗಿ

ಟ್ರೇಲರ್ ಖರೀದಿಸುವ ಮುನ್ನ ಸದಸ್ಯರು ಈ ಐದು ಕಾಗದಗಳನ್ನು ಒಂದು ಕಡತದಲ್ಲಿ ಸೇರಿಸಲಿ: ಎಳೆಯುವ ಮಿತಿಯ ಬಗ್ಗೆ ತಯಾರಕರ ಅಥವಾ ಮಾರಾಟಗಾರರ ಬರಹ, ವೇಬ್ರಿಡ್ಜಿನ ಚೀಟಿ, ಎರಡೂ ವಾಹನಗಳ ನೋಂದಣಿ ಪತ್ರ, ಟ್ರೇಲರನ್ನು ಹೆಸರಿಸಿದ ವಿಮಾ ಪಾಲಿಸಿ, ಮತ್ತು ಮೇಲೆ ತೋರಿಸಿದಂತೆ ತಮ್ಮದೇ ಸುತ್ತುಗಳ ಲೆಕ್ಕ. ರಸ್ತೆಗೆ ಇಳಿಯುವಾಗ ಹಿಂಬದಿಯ ಕೆಂಪು ದೀಪ, ಪ್ರತಿಫಲಕ ಪಟ್ಟಿ ಮತ್ತು ಕೊಂಡಿ ಕಳಚಿದರೂ ಹಿಡಿದಿಡುವ ಸರಪಳಿ ಇರಲಿ. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದ ಟ್ರಾಲಿಗಳ ನಡುವೆ ರಾತ್ರಿ ಸಂಚರಿಸುವ ನಮಗೆ ಇದರ ಅಗತ್ಯವನ್ನು ಬೇರೆ ಹೇಳಬೇಕಾಗಿಲ್ಲ. ಐದರಲ್ಲಿ ಒಂದು ಕಾಗದ ಕೊರತೆಯಾದರೂ ಆ ದಿನದ ಮಟ್ಟಿಗೆ ಬಾಡಿಗೆ ವಾಹನವನ್ನೇ ಕರೆಸುವುದು ಜಾಣತನ.