‘ನನಗೇನಾಗಿದೆ?’ ಎನ್ನುವ ಗಂಡಸರು

ಮಗುವಿಗೆ ಜ್ವರ ಬಂದರೆ ನಮ್ಮ ಮನೆಗಳ ಗಂಡಸರು ನಡುರಾತ್ರಿಯಲ್ಲೂ ಡಾಕ್ಟರರ ಬಾಗಿಲು ತಟ್ಟುತ್ತಾರೆ. ಅವರಿಗೇ ‘ಒಮ್ಮೆ ಬಿಪಿ ನೋಡಿಸಿಕೊಂಡು ಬನ್ನಿ’ ಎಂದರೆ ‘ನನಗೇನಾಗಿದೆ?’ ಎಂದು ಎದ್ದು ಹೋಗುತ್ತಾರೆ.

ಇದನ್ನು ಬರೀ ಉದಾಸೀನ ಎನ್ನಲಾಗದು. ಗರ್ಭಿಣಿಯಾದಾಗ, ಮಗುವಿಗೆ ಚುಚ್ಚುಮದ್ದು ಹಾಕಿಸುವಾಗ ಹೆಂಗಸರಿಗೆ ಕ್ಲಿನಿಕ್ಕಿನ ಪರಿಚಯ ತಾನಾಗಿ ಆಗುತ್ತದೆ. ಗಂಡಸಿಗೆ ಅಂಥ ಸಂದರ್ಭವೇ ಬರುವುದಿಲ್ಲ. ದಿನಗೂಲಿಯವನಿಗೆ ಅರ್ಧ ದಿನ ಸರದಿಯಲ್ಲಿ ಕುಳಿತರೆ ಅಂದಿನ ಸಂಪಾದನೆಯೇ ಹೋಯಿತು. ಇವೆಲ್ಲಕ್ಕಿಂತ ದೊಡ್ಡದು ಒಳಗಿನ ಭಯ: ‘ಒಮ್ಮೆ ಮಾತ್ರೆ ಶುರುವಾದರೆ ಸಾಯುವ ತನಕ ಬಿಡುವಂತಿಲ್ಲ.’ ನೋಡಿಸದಿದ್ದರೆ ಕಾಯಿಲೆಯೇ ಇಲ್ಲ ಎಂಬ ಲೆಕ್ಕ!

ಆದರೆ ರಕ್ತದೊತ್ತಡ ಹೆಚ್ಚಿದರೂ ಬಹಳಷ್ಟು ಜನರಿಗೆ ನೋವೂ ಇಲ್ಲ, ಸುಸ್ತೂ ಇಲ್ಲ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಕಾಯಿಲೆಯೇ. ಹಾಗೇ ಬಿಟ್ಟರೆ ಹೃದಯ, ಮೂತ್ರಪಿಂಡ, ಮೆದುಳಿನ ರಕ್ತನಾಳಗಳಿಗೆ ಸದ್ದಿಲ್ಲದೆ ಹಾನಿಯಾಗುತ್ತದೆ. ಇನ್ನು, ನೋಡಿಸಿದವರಿಗೆಲ್ಲ ಮಾತ್ರೆ ಕೊಡುತ್ತಾರೆ ಎಂಬುದೂ ಸರಿಯಲ್ಲ. ಖಾಲಿ ಹೊಟ್ಟೆಯ ಶುಗರ್ 126 ದಾಟಿದರೆ ಮಧುಮೇಹದ ಲಕ್ಷಣ. 100ರಿಂದ 125ರ ನಡುವೆ ಇದ್ದರೆ ಅದು ಎಚ್ಚರಿಕೆ. ಆ ಹಂತದಲ್ಲಿ ಊಟ, ನಡಿಗೆ, ತೂಕದ ಕಡೆ ಗಮನ ಕೊಟ್ಟರೆ ಎಷ್ಟೋ ಜನ ಮಾತ್ರೆಯಿಲ್ಲದೆ ಹಿಂದಕ್ಕೆ ಬರುತ್ತಾರೆ. ತಡಮಾಡಿದವರಿಗೆ ಆ ಅವಕಾಶ ಕಡಿಮೆ.

ಮನೆಯ ಡಾಕ್ಟರರು ಇಲ್ಲಿ ಬೇಕಾಗುತ್ತಾರೆ. ಅಬ್ಬಾಗೆ ಯಾವ ವಯಸ್ಸಿನಲ್ಲಿ ಹೃದಯಾಘಾತವಾಯಿತು, ಅಣ್ಣನಿಗೆ ಶುಗರ್ ಇದೆಯೇ ಎಂಬುದು ಅವರಿಗೆ ಗೊತ್ತು. ಕೆಮ್ಮಿಗೆಂದು ಹೋದವನ ತೋಳಿಗೂ ಬಿಪಿ ಪಟ್ಟಿ ಸುತ್ತಬಲ್ಲರು. ಗುಟ್ಕಾ ಅಗಿಯುವವನ ಬಾಯಿ ತೆರೆಸಿ ನೋಡಬಲ್ಲರು. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ ಕ್ಯಾನ್ಸರಿನ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿಯೂ ಆಗುತ್ತದೆ. ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೂ ಬರುತ್ತಾರೆ, ಆದರೆ ಬರುವುದು ಹಗಲು. ಆಗ ಗಂಡಸರು ಮನೆಯಲ್ಲಿದ್ದರೆ ತಾನೇ?

ನಮ್ಮಲ್ಲಿ ಗಂಡಸರಿಗೂ ಒಂದು ಒಳ್ಳೆಯ ನೆಪವಿದೆ, ಅದು ರಮಝಾನ್. ಶುಗರ್ ಇರುವವರು ಉಪವಾಸಕ್ಕೆ ಆರರಿಂದ ಎಂಟು ವಾರ ಮೊದಲೇ, ಅಂದರೆ ರಜಬ್ ತಿಂಗಳಲ್ಲೇ, ಡಾಕ್ಟರರನ್ನು ಕಾಣಬೇಕೆಂದು ತಜ್ಞರು ಹೇಳುತ್ತಾರೆ. ಬೆಳಗಿನ ಮಾತ್ರೆಯನ್ನು ಇಫ್ತಾರಿಗೆ ಬದಲಿಸಬೇಕೇ, ಸಹರಿಯ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು, ಉಪವಾಸ ಹಿಡಿಯಬಹುದೇ ಎಂಬುದನ್ನು ಅವರೇ ಹೇಳಬೇಕು. ನಾವಾಗಿಯೇ ಮಾತ್ರೆ ನಿಲ್ಲಿಸುವುದು, ಎರಡು ಹೊತ್ತಿನದನ್ನು ಒಟ್ಟಿಗೆ ನುಂಗುವುದು ಅಪಾಯ. ಶುಗರ್ ಇದೆಯೋ ಇಲ್ಲವೋ ಗೊತ್ತಿಲ್ಲದವರೂ ಇದೇ ನೆಪದಲ್ಲಿ ಒಮ್ಮೆ ನೋಡಿಸಿಕೊಳ್ಳಬಹುದು.

ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದರೆ ಉಪವಾಸ ಮುರಿಯದು ಎಂಬುದು ಬಹುತೇಕ ಉಲಮಾಗಳ ಅಭಿಪ್ರಾಯ. ಆ ಅಂಕಿ 70ಕ್ಕಿಂತ ಕೆಳಗಿಳಿದರೆ ಮಗ್ರಿಬ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಕಾಯದೆ ಉಪವಾಸ ಬಿಡಬೇಕು. ಇದನ್ನು ಮನೆಯವರಿಗೂ ಮೊದಲೇ ಹೇಳಿಟ್ಟಿರಿ.